ಲಸಿಕೆಯ ಹಾನಿಗೆ ಹೊಣೆ ಯಾರದು: ಕೊಳ್ಳೇಗಾಲ ಸೀಮೆಯಿಂದ ಕಂಡ ಇನ್ನೂರು ವರ್ಷಗಳ ಕಥನ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳಾದರೂ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎರಡು ಬೇರೆ ಬೇರೆ ಆಡಳಿತಗಳ ಕೆಳಗೆ ಬಾಳಿದವು. ಹನೂರು ಮತ್ತು ಮಹದೇಶ್ವರ ಬೆಟ್ಟದ ಕಾಡುಸೀಮೆಯನ್ನು ಒಳಗೊಂಡ ಹಳೆಯ ಕೊಳ್ಳೇಗಾಲ ತಾಲ್ಲೂಕು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಈ ಎರಡು ಭಾಗಗಳು ಮತ್ತೆ ಒಂದೇ ಸರ್ಕಾರದ ಕೆಳಗೆ ಬಂದದ್ದು 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯಗಳ ರಚನೆಯ ದಿನ. ಎರಡೂ ಕಡೆಯ ಜನರ ತೋಳಿಗೆ ಸರ್ಕಾರದ ಲಸಿಕೆ ಬಿದ್ದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಆ ಲಸಿಕೆಯಿಂದ ಕೇಡಾದರೆ ಯಾರನ್ನು ಕೇಳಬೇಕು, ಯಾವ ನ್ಯಾಯಾಲಯದಲ್ಲಿ, ಯಾವ ಪುರಾವೆಯೊಡನೆ ಕೇಳಬೇಕು ಎಂಬ ಪ್ರಶ್ನೆಗೆ ಮಾತ್ರ ಎರಡೂ ಆಡಳಿತಗಳಲ್ಲಿ ಉತ್ತರವಿರಲಿಲ್ಲ. ಸ್ವತಂತ್ರ ಭಾರತವೂ ಆ ಉತ್ತರವನ್ನು ಬಹುಕಾಲ ಬರೆಯದೆ ಬಿಟ್ಟಿತು, ಮತ್ತು ಅದರ ಬೆಲೆಯನ್ನು ಇಂಥ ಸೀಮೆಗಳ ಬಡವರೇ ತೆತ್ತರು.

ಎಡ್ವರ್ಡ್ ಜೆನ್ನರ್ ರೂಪಿಸಿದ ಗೋಸಿಡುಬಿನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರ ಜೂನ್ ತಿಂಗಳಲ್ಲಿ, ಬೊಂಬಾಯಿಯಲ್ಲಿ. ಅಲ್ಲಿಂದ ಮೂರ್ನಾಲ್ಕು ವರ್ಷಗಳೊಳಗೆ ಅದು ಮೈಸೂರು ಅರಮನೆಯನ್ನು ಸೇರಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅದಕ್ಕೆ ಬೆಂಬಲವಾಗಿ ನಿಂತರು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ವರ್ಣಚಿತ್ರದಲ್ಲಿ ಕಾಣುವವರು ಮೈಸೂರಿನ ರಾಣಿಯರೆಂದೂ, ಅವರಲ್ಲೊಬ್ಬರು ಸೆರಗು ಸರಿಸಿ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಸಂಸ್ಥಾನದಲ್ಲಿ ಲಸಿಕೆ ಜನರ ನಡುವೆ ಹೋದದ್ದು ಬಲವಂತಕ್ಕಿಂತ ಮಿಗಿಲಾಗಿ ದೊಡ್ಡವರ ಮೇಲ್ಪಂಕ್ತಿಯ ಮೂಲಕ ಎಂಬುದನ್ನು ಒಪ್ಪಬಹುದು. ಸಿಡುಬನ್ನು ಮಾರಮ್ಮನ ಬರವೆಂದು ಕಂಡು, ರೋಗಿಯನ್ನು ಬೇವಿನ ಸೊಪ್ಪಿನಲ್ಲಿ ಮಲಗಿಸಿ, ಮನೆಯಲ್ಲಿ ಒಗ್ಗರಣೆ ಹಾಕದೆ ನಡೆದುಕೊಳ್ಳುತ್ತಿದ್ದ ಊರುಗಳಿಗೆ ಹೀಗೆ ದಾಕು, ಅಂದರೆ ಲಸಿಕೆ, ಹಾಕುವವರು ಬಂದರು.

ಆ ಕಾಲದ ದಾಕು ಇಂದಿನ ಶುದ್ಧ ಔಷಧವಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನ ತೆಗೆದು ಇನ್ನೊಂದು ಮಗುವಿನ ತೋಳಿಗೆ ಸೇರಿಸುವ ಈ ವಿಧಾನಕ್ಕೆ ತೋಳಿಂದ ತೋಳಿಗೆ ಲಸಿಕೆ ಎಂದು ಹೆಸರು. ಇದರಲ್ಲಿ ಒಬ್ಬರ ದೇಹದ ಇತರ ರೋಗಗಳು, ಮುಖ್ಯವಾಗಿ ಸಿಫಿಲಿಸ್ ಮತ್ತು ಚರ್ಮದ ತೀವ್ರ ಸೋಂಕುಗಳು, ಮತ್ತೊಬ್ಬರಿಗೆ ದಾಟುವ ಅಪಾಯವಿತ್ತು. ಕರುವಿನ ಚರ್ಮದಲ್ಲಿ ಲಸಿಕೆಯ ರಸವನ್ನು ಬೆಳೆಸುವ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೆಲೆಗೊಂಡ ಮೇಲಷ್ಟೇ ಆ ಅಪಾಯ ತಗ್ಗಿತು. ಹಾಗೆ ಕೇಡಾದ ಮಗುವಿನ ತಂದೆ ಅಮಲ್ದಾರರ ಕಚೇರಿಗೋ ತಹಸೀಲ್ದಾರರ ಕಚೇರಿಗೋ ಅರ್ಜಿ ಹಿಡಿದು ಹೋಗಬಹುದಿತ್ತು. ಅರ್ಜಿಯನ್ನು ಇತ್ಯರ್ಥಪಡಿಸಲು ಆಧಾರವಾಗುವ ಕಾನೂನು ಮಾತ್ರ ಇರಲಿಲ್ಲ. ಕಾನೂನು ಬಂದಾಗ ಅದು ಅಧಿಕಾರಿಯ ರಕ್ಷಣೆಗೆ ಬಂತು. ಪ್ಲೇಗಿನ ಭೀತಿಯಲ್ಲಿ ಹೊರಟ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ನಾಲ್ಕನೆಯ ಕಲಮು, ಆ ಕಾಯ್ದೆಯಡಿ ಸದ್ಭಾವನೆಯಿಂದ, ಅಂದರೆ ಕೆಟ್ಟ ಉದ್ದೇಶವಿಲ್ಲದೆ, ಮಾಡಿದ ಕೆಲಸಕ್ಕಾಗಿ ಯಾರ ಮೇಲೂ ದಾವೆ ಹೂಡುವಂತಿಲ್ಲ ಎಂದು ವಿಧಿಸಿತು. ಅಧಿಕಾರಿಗೆ ಅಭಯ ಕೊಟ್ಟ ಆ ಶಾಸನ, ಅವನ ಕೈಯಿಂದ ಕೆಟ್ಟದ್ದಾದವನಿಗೆ ಏನು ಕೊಡಬೇಕೆಂದು ಒಂದು ಸಾಲನ್ನೂ ಬರೆಯಲಿಲ್ಲ.

ಆ ಮೌನದ ಅರ್ಥ ಐದೇ ವರ್ಷಗಳಲ್ಲಿ ತಿಳಿಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ವಿಜ್ಞಾನಿ ಹಾಫ್‌ಕಿನ್ ಅವರ ಪ್ಲೇಗು ಲಸಿಕೆ ಹಾಕಿಸಿಕೊಂಡ 107 ಜನರ ಪೈಕಿ, ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು, ವಿಜ್ಞಾನಿಗಳು ಅವರ ಪರವಾಗಿ ದನಿಯೆತ್ತಿದರು, 1907ರಲ್ಲಿ ಅವರು ದೋಷಮುಕ್ತರಾದರು. ವೈದ್ಯಕೀಯ ಇತಿಹಾಸದ ಪುಸ್ತಕಗಳು ಈ ಪ್ರಕರಣವನ್ನು ಒಬ್ಬ ಮಹಾ ವಿಜ್ಞಾನಿಗೆ ಆದ ಅನ್ಯಾಯವೆಂದು ಹೇಳುತ್ತವೆ, ಅದು ನಿಜವೂ ಹೌದು. ಆದರೆ ಆ 19 ಮನೆಗಳು ಆ ಪುಟಗಳಲ್ಲಿ ಬರಿಯ ಸಂಖ್ಯೆಯಾಗಿ ಮಾತ್ರ ಉಳಿದಿವೆ.

ಕೊಳ್ಳೇಗಾಲ ಸೀಮೆಗೆ ಹೆಚ್ಚು ಹತ್ತಿರದ ಅಧ್ಯಾಯ ಹುಚ್ಚುನಾಯಿ ಕಡಿತದ ಚಿಕಿತ್ಸೆಯದು. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆದಾಗ, ಕೊಯಮತ್ತೂರು ಜಿಲ್ಲೆಯವರಿಗೆ ಅದೇ ಹತ್ತಿರದ ಆಸರೆ. ಕೊಳ್ಳೇಗಾಲದಿಂದ ಹೊರಟವರು ಹಾಸನೂರು, ದಿಂಬಂ ಘಟ್ಟ ಇಳಿದು, ಸತ್ಯಮಂಗಲ ದಾಟಿ, ಮೇಟ್ಟುಪಾಳ್ಯದಿಂದ ಮತ್ತೆ ಬೆಟ್ಟ ಹತ್ತಬೇಕಿತ್ತು. ಡೇವಿಡ್ ಸೆಂಪಲ್ ಎಂಬ ಸೇನಾವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಈ ಪ್ರಯಾಣವನ್ನು ಕ್ರಮೇಣ ತಪ್ಪಿಸಿತು. ರೇಬೀಸ್ ವೈರಾಣು ತುಂಬಿದ ಕುರಿಯ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ವೈರಾಣುವನ್ನು ಕೊಂದು ತಯಾರಿಸುತ್ತಿದ್ದ ಈ ಲಸಿಕೆಯನ್ನು ಸೀಸೆಗಳಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೆ ಕಳಿಸಬಹುದಾಗಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹಳ್ಳಿಗಳು ಇಂದಿಗೂ ನೆನೆಯುವ ಚಿಕಿತ್ಸೆ ಇದೇ. ಒಮ್ಮೆ ರೋಗಲಕ್ಷಣ ಕಾಣಿಸಿದರೆ ರೇಬೀಸಿನಿಂದ ಬದುಕುವುದು ಇಲ್ಲವೆಂಬಷ್ಟು ಅಪರೂಪವಾದ್ದರಿಂದ, ಈ ಲಸಿಕೆ ಉಳಿಸಿದ ಜೀವಗಳ ಲೆಕ್ಕ ಬಹಳ ದೊಡ್ಡದು. ಅದನ್ನು ಮರೆತು ಮುಂದಿನ ಮಾತನ್ನು ಓದಬಾರದು.

ಕುರಿಯ ಮಿದುಳಿನ ಅಂಗಾಂಶದಲ್ಲಿ ನರಗಳ ಹೊದಿಕೆಯಾದ ಮೈಲಿನ್ ಎಂಬ ಪದಾರ್ಥವಿರುತ್ತದೆ. ಅದನ್ನು ಮತ್ತೆ ಮತ್ತೆ ಚುಚ್ಚಿದಾಗ ಕೆಲವರ ದೇಹದ ರಕ್ಷಣಾವ್ಯವಸ್ಥೆ ಆ ಮೈಲಿನ್ನಿನ ವಿರುದ್ಧ ಎದ್ದು, ತನ್ನದೇ ಮಿದುಳು ಮತ್ತು ಬೆನ್ನುಹುರಿಯ ಮೇಲೆ ದಾಳಿ ಮಾಡುತ್ತಿತ್ತು. ಚಿಕಿತ್ಸೆ ಆರಂಭವಾದ ಒಂದೆರಡು ವಾರಗಳಲ್ಲಿ ಕಾಲಿನ ಬಲ ಹೋಗುವುದು, ಮುಖ ಸೊಟ್ಟಗಾಗುವುದು, ಮೂತ್ರ ಕಟ್ಟುವುದು, ಕೆಲವರಲ್ಲಿ ಪ್ರಜ್ಞೆ ತಪ್ಪಿ ಸಾವು. ವೈದ್ಯರು ಇದನ್ನು ನರಸ್ತಂಭನದ ಅವಘಡವೆಂದು ಕರೆದರು. ಕೆಲವು ನೂರು ಜನರಿಗೊಬ್ಬರಿಂದ ಕೆಲವು ಸಾವಿರ ಜನರಿಗೊಬ್ಬರವರೆಗೆ ಅದರ ಪ್ರಮಾಣ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ದಾಖಲಾಯಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ವರ್ಷಗಟ್ಟಲೆ ಕಂಡು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಿಂದಲೇ ಈ ಲಸಿಕೆಯನ್ನು ಕೈಬಿಡಲು ಹೇಳುತ್ತಿದ್ದರೂ, ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಹಣವಿದ್ದವರಿಗೆ ಔಷಧದಂಗಡಿಯಲ್ಲಿ ದೊರೆಯುತ್ತಿದ್ದರೂ, ಸರ್ಕಾರಿ ಆಸ್ಪತ್ರೆಗೆ ಬಂದ ಬಡವರಿಗೆ ಕುರಿಮಿದುಳಿನ ಲಸಿಕೆಯೇ ಸಿಗುತ್ತಾ ಹೋಗಿ, ಅದರ ತಯಾರಿಕೆ ಭಾರತದಲ್ಲಿ ನಿಂತದ್ದು 2004ರ ಕೊನೆಗೆ. ಇಲ್ಲಿ ಹಾನಿ ತಿಳಿದಿತ್ತು, ಕಾರಣ ತಿಳಿದಿತ್ತು, ಬದಲಿ ಔಷಧವೂ ತಿಳಿದಿತ್ತು. ಇಷ್ಟು ಸ್ಪಷ್ಟವಾದ ಲಸಿಕಾಹಾನಿಗೂ ಒಂದು ಪರಿಹಾರ ನಿಧಿಯನ್ನು ಕಟ್ಟದೆ ಹೋದದ್ದು ಭಾರತದ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಕ್ಷಮಿಸಲಾಗದ ಲೋಪ.

ಅದೇ ಅವಧಿಯಲ್ಲಿ ಬೇರೆ ದೇಶಗಳು ಬೇರೆ ದಾರಿ ಹಿಡಿದಿದ್ದವು. ಪಶ್ಚಿಮ ಜರ್ಮನಿಯ ಸರ್ವೋಚ್ಚ ನ್ಯಾಯಪೀಠ 1953ರಲ್ಲಿ, ಕಡ್ಡಾಯ ಸಿಡುಬು ಲಸಿಕೆಯಿಂದ ಅಂಗಹೀನರಾದವರು ಸಮಾಜದ ಒಳಿತಿಗಾಗಿ ವಿಶೇಷ ತ್ಯಾಗ ಮಾಡಿದವರಾದ್ದರಿಂದ ಸಮಾಜವೇ ಅವರ ನಷ್ಟವನ್ನು ತುಂಬಬೇಕೆಂದು ಹೇಳಿತು. 1961ರಲ್ಲಿ ಅದು ಶಾಸನವಾಯಿತು. ಬ್ರಿಟನ್ 1979ರಲ್ಲಿ ಲಸಿಕಾಹಾನಿ ಪಾವತಿ ಕಾಯ್ದೆ ತಂದು, ತೀವ್ರ ಅಂಗವೈಕಲ್ಯಕ್ಕೆ ಮೊದಲು 10,000 ಪೌಂಡ್, ಬರಬರುತ್ತಾ 1,20,000 ಪೌಂಡ್ ನಿಗದಿ ಮಾಡಿತು. ಅಮೆರಿಕ 1986ರ ಕಾಯ್ದೆಯ ಮೂಲಕ, ಪ್ರತಿ ಲಸಿಕೆಯ ಮೇಲೆ, ಬರಬರುತ್ತಾ ರೋಗವೊಂದಕ್ಕೆ 75 ಸೆಂಟ್‌ಗೆ ನಿಂತ ತೆರಿಗೆ ಹಾಕಿ ನಿಧಿ ಕೂಡಿಸಿತು, ಯಾವ ಲಸಿಕೆಯ ನಂತರ ಎಷ್ಟು ದಿನದೊಳಗೆ ಯಾವ ತೊಂದರೆ ಬಂದರೆ ಅದನ್ನು ಲಸಿಕೆಯದೇ ಎಂದು ಊಹಿಸಬೇಕೆಂಬ ಕೋಷ್ಟಕವನ್ನೂ ಬರೆಯಿತು. ಇವೆಲ್ಲಕ್ಕೂ ದೋಷರಹಿತ ಪರಿಹಾರ ಎಂಬ ಒಂದೇ ಹೆಸರು: ತಯಾರಕನೋ ವೈದ್ಯನೋ ತಪ್ಪು ಮಾಡಿದನೆಂದು ಸಾಬೀತು ಮಾಡುವ ಹೊರೆ ಅರ್ಜಿದಾರನ ಮೇಲಿಲ್ಲ, ಲಸಿಕೆಗೂ ಹಾನಿಗೂ ಇರುವ ನಂಟನ್ನು ತೋರಿಸಿದರೆ ಸಾಕು.

ಭಾರತದಲ್ಲಿ ಆ ಹೊರೆ ಅರ್ಜಿದಾರನ ಹೆಗಲಲ್ಲೇ ಉಳಿಯಿತು. ಸುಪ್ರೀಂ ಕೋರ್ಟ್ 1995ರ ನವೆಂಬರಿನಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ನಡುವಿನ ಮೊಕದ್ದಮೆಯಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದಿತಾದರೂ, ಯಾರಿಂದಲೂ ಹಣ ಪಡೆಯದೆ ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆಯನ್ನು ಹೊರಗಿಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವಿಗೆ ಲಸಿಕೆ ಹಾಕಿಸುವ ತಾಯಿ ಹೀಗೆ ಗ್ರಾಹಕಳಾಗಿ ಉಳಿಯಲಿಲ್ಲ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಡಿಯಲ್ಲಿ ಸರ್ಕಾರದಿಂದ ನೇರ ಪರಿಹಾರ ಕೊಡಿಸುವ ದಾರಿಯನ್ನು 1983ರ ರುದುಲ್ ಶಾ ಮತ್ತು 1993ರ ನಿಲಾಬತಿ ಬೆಹೆರಾ ತೀರ್ಪುಗಳು ತೆರೆದಿದ್ದವು. ಆದರೆ ಅಲ್ಲಿ ಬೇಕಾದದ್ದು ಸರ್ಕಾರದ ಎದ್ದುಕಾಣುವ ತಪ್ಪು, ಲಸಿಕೆಯ ಹಾನಿಯಲ್ಲಿ ಬಹುಪಾಲು ಯಾರ ತಪ್ಪೂ ಇರುವುದಿಲ್ಲ.

ಒಂದು ಬಾಗಿಲು ಮಾತ್ರ ತೆರೆಯಿತು, ಅದೂ ಔಷಧ ಪ್ರಯೋಗಕ್ಕೆ ಒಳಗಾದವರಿಗೆ. ಅಂದು ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 2009ರಿಂದ ಪಾಥ್ ಎಂಬ ಅಮೆರಿಕದ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ 20,000ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆವ ಎಚ್‌ಪಿವಿ ಲಸಿಕೆ ಕೊಡಿಸಿತು. ಏಳು ಬಾಲಕಿಯರು ಸತ್ತರು, 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಗಿರಿಜನ ಬಾಲಕಿಯರ ಒಪ್ಪಿಗೆಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಗಿ, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಅದೇ ವರ್ಷದ ಜನವರಿಯಲ್ಲಿ ಪರಿಹಾರದ ನಿಯಮ ಬಂತು; ಬಳಿಕ ರೂಪುಗೊಂಡು 2019ರ ಹೊಸ ಔಷಧಗಳ ಹಾಗೂ ಕ್ಲಿನಿಕಲ್ ಪ್ರಯೋಗಗಳ ನಿಯಮಗಳಲ್ಲಿ ಸೇರಿದ ಸೂತ್ರದಂತೆ, ಪ್ರಯೋಗದಿಂದ ಸಾವಾದರೆ 8 ಲಕ್ಷ ರೂಪಾಯಿಯ ಮೂಲಮೊತ್ತವನ್ನು ವಯಸ್ಸಿನ ಅಂಶದಿಂದಲೂ ಆರೋಗ್ಯಸ್ಥಿತಿಯ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು, ಆರೋಗ್ಯವಂತನಾದ ಹದಿನಾರರ ಹುಡುಗನ ಲೆಕ್ಕ 73 ಲಕ್ಷವನ್ನು ಮೀರುತ್ತದೆ. ಔಷಧ ನಿಯಂತ್ರಕರ ಆದೇಶ ಬಂದ 30 ದಿನಗಳಲ್ಲಿ ಪ್ರಾಯೋಜಕ ಹಣ ಕೊಡಬೇಕು.

ಈ ನಿಯಮವಿದ್ದೂ ಇತ್ಯರ್ಥ ಸುಲಭವಲ್ಲ ಎಂಬುದಕ್ಕೆ 2020ರ ನವೆಂಬರಿನ ಚೆನ್ನೈ ಪ್ರಕರಣ ಸಾಕ್ಷಿ. ಕೋವಿಡ್ ತಡೆವ ಕೋವಿಶೀಲ್ಡ್ ಲಸಿಕೆಯ ಪ್ರಯೋಗದ ಸ್ವಯಂಸೇವಕರೊಬ್ಬರು ಮಿದುಳಿನ ತೀವ್ರ ತೊಂದರೆ ತಗುಲಿತೆಂದು 5 ಕೋಟಿ ರೂಪಾಯಿ ಕೋರಿ ಲಾಯರ್ ನೋಟಿಸ್ ಕೊಟ್ಟಾಗ, ಲಸಿಕೆಯ ತಯಾರಕ ಸೀರಂ ಇನ್‌ಸ್ಟಿಟ್ಯೂಟ್ ಆ ಆರೋಪವನ್ನು ದುರುದ್ದೇಶದ್ದೆಂದು ತಳ್ಳಿಹಾಕಿ, ತಾನೇ 100 ಕೋಟಿಗೂ ಹೆಚ್ಚು ನಷ್ಟ ಕೇಳುವುದಾಗಿ ಹೇಳಿತು. ಪ್ರಯೋಗ ನಿಲ್ಲಿಸುವ ಕಾರಣವಿಲ್ಲವೆಂದು ಸರ್ಕಾರ ತಿಳಿಸಿತು. ಲಸಿಕೆ ಒಳ್ಳೆಯದೇ ಇರಬಹುದು, ಅರ್ಜಿದಾರನ ರೋಗಕ್ಕೆ ಬೇರೆ ಕಾರಣವೂ ಇರಬಹುದು. ಆದರೆ ನೋವು ತೋಡಿಕೊಂಡವನಿಗೆ ಪ್ರತಿದಾವೆಯ ಬೆದರಿಕೆ ಒಡ್ಡುವುದು ಮುಂದಿನ ಸ್ವಯಂಸೇವಕರ ಬಾಯಿ ಮುಚ್ಚಿಸುವ ಕೆಲಸ. 2021ರ ಜನವರಿ 16ರಂದು ದೇಶವ್ಯಾಪಿ ಕೋವಿಡ್ ಲಸಿಕಾ ಅಭಿಯಾನ ಆರಂಭವಾದಾಗ, ಇನ್ನೂ ಪ್ರಯೋಗದ ಹಂತದಲ್ಲಿದ್ದ ಕೋವ್ಯಾಕ್ಸಿನ್ ಪಡೆದವರು, ಲಸಿಕೆಯಿಂದಲೇ ಗಂಭೀರ ಹಾನಿಯಾಯಿತೆಂದು ಸಾಬೀತಾದರೆ ಅದರ ತಯಾರಕ ಭಾರತ್ ಬಯೋಟೆಕ್ ಪರಿಹಾರ ಕೊಡುವುದೆಂಬ ಪತ್ರಕ್ಕೆ ಸಹಿ ಮಾಡಿದರು. ಮಾರ್ಚ್ ತಿಂಗಳಲ್ಲಿ ಪ್ರಯೋಗದ ಷರತ್ತು ತೆಗೆದುಹಾಕಿದಾಗ ಆ ಪತ್ರವೂ ಹೋಯಿತು.

ಚಾಮರಾಜನಗರ ಜಿಲ್ಲೆಗೆ ಆ ವರ್ಷ ಬಂದ ಕಷ್ಟ ಎಲ್ಲರ ನೆನಪಿನಲ್ಲಿದೆ. ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ತೀರಿ, ಅಧಿಕೃತ ಲೆಕ್ಕದಲ್ಲೇ 24 ಜನ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಆರೋಗ್ಯ ಸಚಿವರು ಮೊದಲು ಹೇಳಿದರು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿಯನ್ನು ನೇಮಿಸಿದ ಮೇಲೆ ನಿಜ ಹೊರಬಂದು, ಮೃತರ ಕುಟುಂಬಗಳಿಗೆ ಪರಿಹಾರ ದೊರೆಯುವ ದಾರಿಯಾಯಿತು. ಅದಕ್ಕೂ ಮುಂಚೆ, 2018ರ ಡಿಸೆಂಬರಿನಲ್ಲಿ, ಹನೂರು ಸೀಮೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ವಿಷಪ್ರಸಾದ ತಿಂದು 17 ಜನ ಸತ್ತಾಗಲೂ ಸರ್ಕಾರ ಧನಸಹಾಯ ಘೋಷಿಸಿತ್ತು. ಒಂದೇ ದಿನ ಹಲವರು ಒಟ್ಟಿಗೆ ಸತ್ತಾಗ, ರಾಜ್ಯವೇ ನೋಡುತ್ತಿರುವಾಗ, ಸರ್ಕಾರದ ಕೈ ಬಿಚ್ಚುತ್ತದೆ. ಲಸಿಕೆಯ ಹಾನಿ ಹಾಗೆ ಬರುವುದಿಲ್ಲ. ಲಕ್ಷಾಂತರ ಜನ ಸುಖವಾಗಿರುವಾಗ ಎಲ್ಲೋ ಒಂದು ಮನೆಗೆ, ಸದ್ದಿಲ್ಲದೆ, ಬರುತ್ತದೆ.

ಬಿಳಿಗಿರಿರಂಗನ ಬೆಟ್ಟ ಮತ್ತು ಮಹದೇಶ್ವರ ಬೆಟ್ಟದ ಸೋಲಿಗ ಗಿರಿಜನರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, 2021ರಲ್ಲಿ ಸೂಜಿಯ ಭಯ ಗಟ್ಟಿಯಾಗಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಯಳಂದೂರು ತಾಲ್ಲೂಕಿನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ದಶಕಗಳ ಆರೋಗ್ಯಸೇವೆಯನ್ನು ಕಂಡ ಸಮುದಾಯವೇ ಅದು. ಔಷಧದ ಪರಿಚಯವಿಲ್ಲದ್ದರಿಂದ ಹುಟ್ಟಿದ ಭಯ ಅದಲ್ಲ. ಕೂಲಿಯಿಂದ ಬದುಕುವವನಿಗೆ ಎರಡು ದಿನದ ಜ್ವರವೂ ಒಂದು ನಷ್ಟ, ಇನ್ನೂ ಹೆಚ್ಚಿನದೇನಾದರೂ ಆದರೆ ಮನೆ ನೋಡುವವರು ಯಾರೆಂಬುದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಬದಲು ಜಿಲ್ಲಾಡಳಿತ ಆಗಸ್ಟ್ ಕೊನೆಗೆ ಲಸಿಕೆಯಿಲ್ಲದಿದ್ದರೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಅಭಿಯಾನ ಪ್ರಕಟಿಸಿ ವ್ಯಾಪಕ ಟೀಕೆಗೆ ಗುರಿಯಾಯಿತು. ಮೂರನೆಯ ಅಲೆಯ ಅಂಜಿಕೆ, ಮೇ ತಿಂಗಳ ಸಾವುಗಳ ಭಾರ ಅಧಿಕಾರಿಗಳ ಮೇಲಿತ್ತು, ಅವರ ಉದ್ದೇಶ ಜೀವ ಉಳಿಸುವುದೇ ಆಗಿತ್ತು. ಆದರೂ ಅಕ್ಕಿಯನ್ನು ಮುಂದಿಟ್ಟು ತೋಳು ಕೇಳಿದ ಮೇಲೆ, ಆ ತೋಳಿಗೆ ಕೇಡಾದರೆ ಹೊಣೆಯೂ ಕೇಳಿದವರದೇ.

ಹೊಣೆಯ ಪ್ರಶ್ನೆ ವೈದ್ಯಕೀಯವಾಗಿ ತೀರ್ಮಾನವಾಗುವುದು ಎಇಎಫ್‌ಐ ಸಮಿತಿಗಳಲ್ಲಿ, ಅಂದರೆ ಲಸಿಕೆಯ ನಂತರ ಕಂಡ ಪ್ರತಿಕೂಲ ಘಟನೆಗಳನ್ನು ಪರಿಶೀಲಿಸುವ ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರೀಯ ಮಟ್ಟದ ತಜ್ಞರ ಕೂಟಗಳಲ್ಲಿ. ಆಶಾ ಕಾರ್ಯಕರ್ತೆಯೋ ಕಿರಿಯ ಆರೋಗ್ಯ ಸಹಾಯಕಿಯೋ ಮೊದಲ ವರದಿ ಕೊಡುತ್ತಾರೆ. ತಜ್ಞರು ಅದನ್ನು ಲಸಿಕೆಗೆ ಸಂಬಂಧಿಸಿದ್ದು, ಅನಿಶ್ಚಿತ, ಕಾಕತಾಳೀಯ, ವರ್ಗೀಕರಿಸಲಾಗದ್ದು ಎಂಬ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಮರಣೋತ್ತರ ಪರೀಕ್ಷೆ ಆಗದೆ, ಆಸ್ಪತ್ರೆಯ ಕಾಗದವಿಲ್ಲದೆ, ಅಂದೇ ಮಣ್ಣು ಮಾಡಿದ ಹಳ್ಳಿಯ ಸಾವು ಸಾಮಾನ್ಯವಾಗಿ ನಾಲ್ಕನೆಯ ಗುಂಪಿಗೆ ಬೀಳುತ್ತದೆ, ಅಲ್ಲಿಗೆ ಬಿದ್ದ ಕಡತದಿಂದ ದಾವೆಗೆ ಬಲ ಬರುವುದಿಲ್ಲ. ರಾಷ್ಟ್ರೀಯ ಸಮಿತಿ 2021ರ ಮೇ ತಿಂಗಳಲ್ಲಿ ಕೋವಿಶೀಲ್ಡ್ ನಂತರ ರಕ್ತ ಹೆಪ್ಪುಗಟ್ಟಿದ 26 ಸಂಭಾವ್ಯ ಪ್ರಕರಣಗಳನ್ನು ಗುರುತಿಸಿ, ಪ್ರಮಾಣ ಹತ್ತು ಲಕ್ಷ ಡೋಸಿಗೆ 0.61 ಎಂದಿತು. ಇಷ್ಟು ವಿರಳವಾದ ಹಾನಿಗೆ ಪರಿಹಾರ ಕೊಡಲು ಸರ್ಕಾರದ ಬೊಕ್ಕಸ ಬರಿದಾಗುವುದಿಲ್ಲ ಎಂಬುದನ್ನು ಆ ಅಂಕಿಯೇ ಹೇಳುತ್ತದೆ.

ನ್ಯಾಯಾಲಯಗಳು ಈ ಪ್ರಶ್ನೆಯ ಬಗ್ಗೆ ಮಾತಾಡಿದ್ದು ಮುಂದಿನ ವರ್ಷ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಡಾ. ಜೇಕಬ್ ಪುಲಿಯೇಲ್ ಅವರ ಅರ್ಜಿಯಲ್ಲಿ, ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವಂತಿಲ್ಲವೆಂದೂ ಪ್ರತಿಕೂಲ ಘಟನೆಗಳ ಮಾಹಿತಿ ಜನರಿಗೆ ಸಿಗಬೇಕೆಂದೂ ಹೇಳಿತು. ಅದೇ ವರ್ಷ ಕೇರಳ ಹೈಕೋರ್ಟ್, ಲಸಿಕೆಯ ನಂತರ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರ ಅರ್ಜಿಯ ಮೇಲೆ, ಪರಿಹಾರದ ಮಾರ್ಗಸೂಚಿ ರೂಪಿಸಲು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಆದೇಶಿಸಿತು. ಕೇಂದ್ರ ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಲಸಿಕೆಯ ನಂತರ ಹೆಣ್ಣುಮಕ್ಕಳನ್ನು ಕಳೆದುಕೊಂಡ ಇಬ್ಬರು ಪೋಷಕರು ಹೂಡಿದ ಅರ್ಜಿಗೆ ಉತ್ತರವಾಗಿ ನವೆಂಬರಿನಲ್ಲಿ ಕೇಂದ್ರ ಸಲ್ಲಿಸಿದ ಪ್ರಮಾಣಪತ್ರ, ಲಸಿಕೆ ಪಡೆಯಲು ಕಾನೂನಿನ ಒತ್ತಾಯವಿರಲಿಲ್ಲ, ಹಾನಿಯಾದವರು ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು ಎಂದು ವಾದಿಸಿತು. ಪಡಿತರದ ಅಭಿಯಾನ ಕಂಡ ಜಿಲ್ಲೆಯಲ್ಲಿ ಈ ವಾದವನ್ನು ಒಪ್ಪುವುದು ಕಷ್ಟ.

ಸಿವಿಲ್ ಕೋರ್ಟಿನಲ್ಲಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು, ತಜ್ಞಸಾಕ್ಷಿಯನ್ನು ಸ್ವಂತ ಖರ್ಚಿನಲ್ಲಿ ತರಬೇಕು. ಗ್ರಾಹಕ ಆಯೋಗದ ದಾರಿ ಇದಕ್ಕಿಂತ ಹಗುರ. ಆದರೆ ಖಾಸಗಿ ಆಸ್ಪತ್ರೆಯಲ್ಲಿ 780 ರೂಪಾಯಿ ಕೊಟ್ಟು ಕೋವಿಶೀಲ್ಡ್ ಹಾಕಿಸಿಕೊಂಡವರು ಗ್ರಾಹಕರಾಗುತ್ತಾರೆ, ಹನೂರಿನ ಆರೋಗ್ಯ ಕೇಂದ್ರದಲ್ಲಿ ಅದೇ ಲಸಿಕೆಯನ್ನು ಉಚಿತವಾಗಿ ಪಡೆದವರು ಆಗುವುದಿಲ್ಲ. ಆಯೋಗಕ್ಕೆ ದೂರು ಕೊಡುವ ಅವಧಿ ಎರಡು ವರ್ಷ. ಕೋವಿಡ್ ಕಾರಣಕ್ಕೆ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟದ್ದನ್ನು ಸೇರಿಸಿದರೂ, 2021ರ ಲಸಿಕೆಯ ಹಾನಿಗೆ ಆ ಗಡುವು 2024ರ ಫೆಬ್ರವರಿ ಕೊನೆಗೆ ಮುಗಿಯಿತು. ವಿಳಂಬಕ್ಕೆ ತಕ್ಕ ಕಾರಣ ತೋರಿದರೆ ಮನ್ನಿಸುವುದು ಆಯೋಗದ ವಿವೇಚನೆಗೆ ಬಿಟ್ಟದ್ದು. ಕೋವಿಶೀಲ್ಡ್‌ನ ಮೂಲ ಲಸಿಕೆಯನ್ನು ರೂಪಿಸುವಲ್ಲಿ ಪಾಲುಗೊಂಡ ಆಸ್ಟ್ರಾಜೆನೆಕಾ ಕಂಪನಿ, ಅದು ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಗೆ ಕಾರಣವಾಗಬಲ್ಲದೆಂದು ಲಂಡನ್ನಿನ ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಒಪ್ಪಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು 2024ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಆ ಗಡುವು ಮುಗಿದು ಎರಡು ತಿಂಗಳಾದ ಮೇಲೆ.